ಮೂರು ಕೋಟಿಯ ತುಕ್ಕು: ಹರಾಜು ಅಂಗಳದಲ್ಲಿ ಹಳೆಯ ಮೋಟಾರ್‌ಸೈಕಲ್‌ಗಳ ರಾಜವೈಭವ

ಪೊಲೀಸ್ ಠಾಣೆಯ ಆವರಣದಲ್ಲಿ ಬಿಸಿಲಿಗೂ ಮಳೆಗೂ ಮೈಯೊಡ್ಡಿ ನಿಂತ ಜಪ್ತಿ ಬೈಕುಗಳ ಸಾಲು ಇಲ್ಲದ ಊರು ನಮ್ಮಲ್ಲಿ ವಿರಳ. ಟ್ಯಾಂಕಿನ ಬಣ್ಣ ಹಾರಿ, ಸೀಟಿನ ಸ್ಪಂಜು ಹೊರಬಂದು, ಚಕ್ರದ ಕಡ್ಡಿಗಳ ನಡುವೆ ಬಳ್ಳಿ ಹಬ್ಬಿದ ಆ ಗಾಡಿಗಳು ಒಂದು ದಿನ ಹರಾಜಾಗಿ ಗುಜರಿಯವನ ಲಾರಿ ಏರುತ್ತವೆ. 2016ರ ಏಪ್ರಿಲ್ 24ರಂದು ಇಂಗ್ಲೆಂಡಿನ ಸ್ಟಾಫರ್ಡ್ ಪಟ್ಟಣದ ಬಳಿಯ ಪ್ರದರ್ಶನ ಮೈದಾನದಲ್ಲಿ ಹರಾಜಿಗೆ ಬಂದ ಎಂಟು ವಾಹನಗಳ ಮೇಲ್ನೋಟದ ಅವಸ್ಥೆ ಇದಕ್ಕಿಂತ ಉತ್ತಮವಾಗಿರಲಿಲ್ಲ. ಕಾರ್ನ್‌ವಾಲ್ ಸೀಮೆಯ ಬಾಡ್ಮಿನ್ ಮೂರ್ ಎಂಬ ಗಾಳಿ ಬೀಸುವ ಬೋಳು ಬಯಲಿನ ಆಸುಪಾಸಿನ ಕೊಟ್ಟಿಗೆಗಳಲ್ಲಿ ಅವು ಅರ್ಧ ಶತಮಾನಕ್ಕೂ ಮಿಕ್ಕಿ ಅಜ್ಞಾತವಾಸ ಮುಗಿಸಿ ಬಂದಿದ್ದವು. ಕೆಲವು ಬಿಡಿಬಿಡಿಯಾಗಿದ್ದವು, ಕೆಲವು ಅರೆಬರೆ ಜೋಡಿಸಿದ ಸ್ಥಿತಿಯಲ್ಲಿದ್ದವು; ಎಲ್ಲಕ್ಕೂ ಸಮಾನವಾಗಿದ್ದದ್ದು ತುಕ್ಕು.

ಆದರೆ ಟ್ಯಾಂಕುಗಳ ಮೇಲಿದ್ದ ಹೆಸರು ‘ಬ್ರಫ್ ಸುಪೀರಿಯರ್’. 1793ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬಾನಮ್ಸ್ ಹರಾಜು ಸಂಸ್ಥೆಯ ಸುತ್ತಿಗೆ ಆ ದಿನ ಇವುಗಳಿಗಾಗಿ ಎಂಟು ಬಾರಿ ಬಿತ್ತು. ಎಂಟರ ಪೈಕಿ ಒಂದು, 1932ರ ‘ಬಿಎಸ್4’ ಎಂಬ ಮಾದರಿ, ಕಮಿಷನ್ ಸೇರಿ 3,31,900 ಪೌಂಡುಗಳಿಗೆ ಮಾರಾಟವಾಯಿತು. ಆಗಿನ ವಿನಿಮಯ ದರದಲ್ಲಿ ಮೂರು ಕೋಟಿ ರೂಪಾಯಿಗೂ ಹೆಚ್ಚು. ಬ್ರಿಟಿಷ್ ಮೋಟಾರ್‌ಸೈಕಲ್ಲೊಂದು ಅಲ್ಲಿಯವರೆಗೆ ಹರಾಜಿನಲ್ಲಿ ಅಷ್ಟು ಬೆಲೆಯನ್ನು ಕಂಡಿರಲಿಲ್ಲ. 2014ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ 3,15,100 ಪೌಂಡುಗಳಿಗೆ ಹೋಗಿದ್ದ ಹಿಂದಿನ ದಾಖಲೆಯ ವಾಹನವೂ ಬ್ರಫ್ ಸುಪೀರಿಯರ್ ಮನೆತನದ್ದೇ.

ಕೊಂಡವನು ಮರುಳನಲ್ಲ. ಹಾಗಾದರೆ ಅವನು ಕೊಂಡದ್ದಾದರೂ ಏನನ್ನು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅದು ನಾಟಿಂಗ್‌ಹ್ಯಾಮ್‌ನ ಒಂದು ಸಣ್ಣ ಕಾರ್ಖಾನೆಯಿಂದ ಅಮೆರಿಕದ ಉಪ್ಪಿನ ಬಯಲಿಗೂ, ಅಲ್ಲಿಂದ ಕೊನೆಗೆ ನಮ್ಮ ಮೈಸೂರಿನ ಯಾದವಗಿರಿಗೂ ಕರೆದೊಯ್ಯುತ್ತದೆ.

ಎರಡು ಬಾರಿ ಹುಟ್ಟಿದ ಯಂತ್ರ

ಕಾಗುಣಿತ ನೋಡಿ ‘ಬ್ರೌ’ ಎಂದು ಓದುವವರೇ ಹೆಚ್ಚು. ಅವರ ಊರಿನ ಉಚ್ಚಾರ ‘ಬ್ರಫ್’. ಈ ಹೆಸರಿನ ಒಡೆಯ ಜಾರ್ಜ್ ಬ್ರಫ್ 1890ರಲ್ಲಿ ಹುಟ್ಟಿದ. ತಂದೆ ವಿಲಿಯಂ ಬ್ರಫ್ ಆಗಲೇ ಮೋಟಾರ್‌ಸೈಕಲ್ ತಯಾರಕ. ಸಾಧು ಸ್ವಭಾವದ, ಮಿತವ್ಯಯದ ವಾಹನಗಳು ಅವನವು. ಮಗನಿಗೆ ಬೇಕಾಗಿದ್ದುದು ವೇಗ, ಕಾಂತಿ ಮತ್ತು ಪ್ರತಿಷ್ಠೆ. 1919ರಲ್ಲಿ ತಂದೆಯಿಂದ ಬೇರೆಯಾಗಿ ನಾಟಿಂಗ್‌ಹ್ಯಾಮ್‌ನಲ್ಲಿ ತನ್ನದೇ ಉದ್ಯಮ ಆರಂಭಿಸಿದ ಜಾರ್ಜ್, ಮನೆತನದ ಹೆಸರಿನ ಮುಂದೆ ‘ಸುಪೀರಿಯರ್’ ಎಂಬ ವಿಶೇಷಣ ಸೇರಿಸಿದ. ಮಗನದು ಶ್ರೇಷ್ಠವಾದರೆ ತನ್ನದು ಕನಿಷ್ಠವೆಂದಾಯಿತಲ್ಲ ಎಂದು ತಂದೆ ಗೊಣಗಿದ್ದು ಮೋಟಾರ್‌ಸೈಕಲ್ ಪ್ರಿಯರ ನಡುವೆ ಇಂದಿಗೂ ಓಡಾಡುವ ಐತಿಹ್ಯ.

ಜಾರ್ಜ್ ಬ್ರಫ್‌ನ ವೈಶಿಷ್ಟ್ಯವನ್ನು ಸರಿಯಾಗಿ ತಿಳಿಯಬೇಕಾದರೆ ಒಂದು ಸತ್ಯವನ್ನು ಮೊದಲೇ ಒಪ್ಪಿಕೊಳ್ಳಬೇಕು. ಆತ ಎಂಜಿನ್ ತಯಾರಿಸಲಿಲ್ಲ. ಎಂಜಿನ್ ಲಂಡನ್ನಿನ ಜೆಎಪಿ ಕಂಪನಿಯದು, ಮುಂದೆ ಮ್ಯಾಚ್‌ಲೆಸ್‌ನದು. ಗೇರ್‌ಬಾಕ್ಸ್ ಸ್ಟರ್ಮಿ ಆರ್ಚರ್‌ನದು. ಊರಿನ ಅತ್ಯುತ್ತಮ ಬಂಗಾರದಂಗಡಿಯಿಂದ ಚಿನ್ನ, ಅತ್ಯುತ್ತಮ ಹರಳಿನಂಗಡಿಯಿಂದ ರತ್ನ ತರಿಸಿ ಒಡವೆ ಕಟ್ಟುವ ಅಕ್ಕಸಾಲಿಗನ ಕೌಶಲ ಅವನದು. ಕಟ್ಟುವ ಕ್ರಮವೂ ಅಸಾಧಾರಣ. ಪ್ರತಿಯೊಂದು ವಾಹನವನ್ನು ಎರಡು ಬಾರಿ ಜೋಡಿಸಲಾಗುತ್ತಿತ್ತು. ಮೊದಲು ಪ್ರತಿಯೊಂದು ಭಾಗವೂ ಮತ್ತೊಂದರ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಪೂರ್ತಿ ಕಟ್ಟಿ, ಮತ್ತೆ ಬಿಚ್ಚಿ, ಬಣ್ಣ ಮತ್ತು ನಿಕ್ಕಲ್ ಲೇಪನ ಮುಗಿಸಿ, ಎರಡನೆಯ ಬಾರಿ ಕಟ್ಟುತ್ತಿದ್ದರು. ಇಂಥ ಕಾರ್ಖಾನೆಯಿಂದ 1940ರವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ ಹೊರಬಂದದ್ದು ಸುಮಾರು 3,000 ವಾಹನಗಳು ಮಾತ್ರ. ನಮ್ಮ ಕಾಲದ ದೊಡ್ಡ ಬೈಕ್ ಕಾರ್ಖಾನೆಗೆ ಇದು ಒಂದು ದಿನದ ದುಡಿಮೆಯೂ ಅಲ್ಲ.

ಈ ಸಂತತಿಯ ಶಿಖರ ‘ಎಸ್‌ಎಸ್100’. ಹೆಸರಿನಲ್ಲಿರುವ 100 ಎಂಬುದು ಗಂಟೆಗೆ 100 ಮೈಲಿ, ಅಂದರೆ ಸುಮಾರು 161 ಕಿಲೋಮೀಟರ್. 1920ರ ದಶಕದ ನಡುವೆ, ರಸ್ತೆಗಳು ಇನ್ನೂ ಕುದುರೆಗಾಡಿಗಳಿಂದ ಬಿಡುಗಡೆ ಪಡೆಯದಿದ್ದಾಗ, ಆ ವೇಗವನ್ನು ಗ್ರಾಹಕನಿಗೆ ಲಿಖಿತ ಖಾತರಿಯಾಗಿ ಕೊಡಲಾಗುತ್ತಿತ್ತು. ಕಟ್ಟಿದ್ದು ನಾಲ್ಕುನೂರಕ್ಕೂ ಕಡಿಮೆ. ಆ ಕಾಲದ ಪತ್ರಿಕೆಯೊಂದು ಇವುಗಳನ್ನು ಮೋಟಾರ್‌ಸೈಕಲ್‌ಗಳ ರೋಲ್ಸ್ ರಾಯ್ಸ್ ಎಂದು ಬಣ್ಣಿಸಿತು. ಜಾರ್ಜ್ ಬ್ರಫ್ ಆ ಬಿರುದನ್ನು ತನ್ನ ಜಾಹೀರಾತುಗಳಲ್ಲಿ ಸಂಕೋಚವಿಲ್ಲದೆ ಬಳಸಿಕೊಂಡ. ರೋಲ್ಸ್ ರಾಯ್ಸ್ ಕಂಪನಿ ಆಕ್ಷೇಪಿಸಲಿಲ್ಲ.

ದಾಖಲೆ ಬೆಲೆಗೆ ಹೋದ ‘ಬಿಎಸ್4’ ಈ ವಂಶದಲ್ಲಿಯೂ ವಿಚಿತ್ರ ಸಂತಾನ. ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ನಾಲ್ಕು ಸಿಲಿಂಡರಿನ, ನೀರಿನಿಂದ ತಂಪಾಗುವ ಎಂಜಿನನ್ನು ಸ್ವಲ್ಪ ಹಿಗ್ಗಿಸಿ 800 ಸಿಸಿಯ ಆಸುಪಾಸಿಗೆ ತಂದು ಬ್ರಫ್ ಇದಕ್ಕೆ ಕೂರಿಸಿದ. ಕಾರಿನ ಎಂಜಿನ್ ಎಂದಮೇಲೆ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ದಂಡ ಮಧ್ಯದಲ್ಲಿಯೇ ಹಾಯಬೇಕು. ಹಿಂಚಕ್ರವೂ ಅಲ್ಲಿಯೇ ಇರಬೇಕು. ಈ ಸಂಕಟಕ್ಕೆ ಬ್ರಫ್ ಕಂಡುಕೊಂಡ ಪರಿಹಾರವೆಂದರೆ ಹಿಂಚಕ್ರವನ್ನೇ ಎರಡಾಗಿಸಿ, ಒಂದಕ್ಕೊಂದು ಒತ್ತಾಗಿ ನಿಲ್ಲಿಸಿ, ದಂಡವನ್ನು ನಡುವಿನಿಂದ ಹಾಯಿಸುವುದು. ಹಿಮ್ಮುಖ ಗೇರ್ ಕೂಡ ಇತ್ತು. ನೋಡುವವರಿಗೆ ನಗು ತರಿಸಬಲ್ಲ, ಎಂಜಿನಿಯರನಿಗೆ ಕೈಮುಗಿಯುವಂತೆ ಮಾಡಬಲ್ಲ ಈ ಕಲ್ಪನೆ ಕೇವಲ ಹತ್ತು ವಾಹನಗಳಲ್ಲಿ ಮೂರ್ತರೂಪ ಪಡೆಯಿತು.

ಲಾರೆನ್ಸ್‌ನ ಗುಡುಗು

ವಸ್ತುವಿನ ಬೆಲೆಗೆ ಅದರ ಯಜಮಾನನ ಹೆಸರು ಸೇರಿದಾಗ ಲೆಕ್ಕವೇ ಬದಲಾಗುತ್ತದೆ. ಬ್ರಫ್ ಸುಪೀರಿಯರ್‌ನ ಅತ್ಯಂತ ಪ್ರಸಿದ್ಧ ಸವಾರ ಟಿ. ಇ. ಲಾರೆನ್ಸ್, ‘ಅರೇಬಿಯಾದ ಲಾರೆನ್ಸ್’ ಎಂದು ಜಗತ್ತು ಬಲ್ಲ ಸೇನಾನಿ ಮತ್ತು ಲೇಖಕ. ಕೀರ್ತಿಯಿಂದ ತಪ್ಪಿಸಿಕೊಳ್ಳಲು ಹೆಸರು ಬದಲಿಸಿಕೊಂಡು ವಾಯುಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದ್ದ ಆತ, 1927–28ರಲ್ಲಿ ಆಗಿನ ಅವಿಭಜಿತ ಭಾರತದ ಕರಾಚಿ ಮತ್ತು ಮೀರಾನ್‌ಶಾಹಗಳಲ್ಲಿಯೂ ಸೇವೆಯಲ್ಲಿದ್ದ. ಒಂದರ ನಂತರ ಒಂದರಂತೆ ಏಳು ಬ್ರಫ್‌ಗಳನ್ನು ಕೊಂಡು ಸವಾರಿ ಮಾಡಿದ. ಎಂಟನೆಯದಕ್ಕೂ ಬೇಡಿಕೆ ಸಲ್ಲಿಸಿದ್ದ. ತನ್ನ ವಾಹನಕ್ಕೆ ಬೈಬಲ್ಲಿನಿಂದ ಎತ್ತಿಕೊಂಡ ‘ಬೊಅನೆರ್ಗೆಸ್’ ಎಂಬ ಹೆಸರಿಟ್ಟಿದ್ದ. ಗುಡುಗಿನ ಮಕ್ಕಳು ಎಂದು ಅದರ ಅರ್ಥ.

1935ರ ಮೇ 13ರಂದು, ಡಾರ್ಸೆಟ್ ಸೀಮೆಯ ತನ್ನ ಪುಟ್ಟ ಮನೆಯ ಸಮೀಪ, ಸೈಕಲ್ ತುಳಿಯುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಲಾರೆನ್ಸ್ ಏಳನೆಯ ಬ್ರಫ್‌ನಿಂದ ಎಸೆಯಲ್ಪಟ್ಟ. ಆರು ದಿನ ಪ್ರಜ್ಞೆ ಬರಲಿಲ್ಲ. ಮೇ 19ರಂದು ಕೊನೆಯುಸಿರೆಳೆದ. ಆಗ ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಒಬ್ಬನಾಗಿದ್ದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್, ಮೋಟಾರ್‌ಸೈಕಲ್ ಸವಾರರ ತಲೆಗೆ ಬೀಳುವ ಪೆಟ್ಟುಗಳನ್ನು ಕುರಿತು ಮುಂದಿನ ವರ್ಷಗಳಲ್ಲಿ ನಡೆಸಿದ ಅಧ್ಯಯನವೇ ಹೆಲ್ಮೆಟ್ ಬಳಕೆಗೆ ವೈಜ್ಞಾನಿಕ ತಳಹದಿ ಹಾಕಿತು. ನಮ್ಮ ವೃತ್ತಗಳಲ್ಲಿ ಪೊಲೀಸರನ್ನು ಕಂಡೊಡನೆ ಕೈಯಿಂದ ತಲೆಗೆ ಏರುವ ಹೆಲ್ಮೆಟ್ಟಿಗೂ ಆ ಬ್ರಫ್‌ಗೂ ಹೀಗೊಂದು ದೂರದ ನೆಂಟಸ್ತಿಕೆ ಇದೆ.

ಕಪ್ಪು ಮಿಂಚು

ಬ್ರಫ್‌ಗೆ ಸರಿಸಾಟಿಯಾಗಿ ಹರಾಜುಗಾರರ ನಾಲಗೆಯ ಮೇಲೆ ನಲಿಯುವ ಇನ್ನೊಂದು ಹೆಸರು ವಿನ್ಸೆಂಟ್. ಹರ್ಟ್‌ಫರ್ಡ್‌ಶೈರ್‌ನ ಸ್ಟೀವನೇಜ್ ಎಂಬ ಊರಿನಲ್ಲಿ ಫಿಲಿಪ್ ವಿನ್ಸೆಂಟ್ 1928ರಲ್ಲಿ ಕಟ್ಟಿದ ಕಂಪನಿ ಇದು. ಅವನ ಬಲಗೈ ಆಸ್ಟ್ರೇಲಿಯಾದ ಎಂಜಿನಿಯರ್ ಫಿಲ್ ಇರ್ವಿಂಗ್. ಒಂಟಿ ಸಿಲಿಂಡರಿನ 500 ಸಿಸಿ ಎಂಜಿನಿನ ಎರಡು ಪಾರದರ್ಶಕ ನಕ್ಷೆಗಳು ಮೇಜಿನ ಮೇಲೆ ಆಕಸ್ಮಿಕವಾಗಿ ಒಂದರ ಮೇಲೊಂದು ಓರೆಯಾಗಿ ಬಿದ್ದಿದ್ದನ್ನು ಇರ್ವಿಂಗ್ ಕಂಡನಂತೆ. ಅಲ್ಲಿ ಅವನಿಗೆ ‘ವಿ’ ಆಕಾರದ ಅವಳಿ ಸಿಲಿಂಡರಿನ ಎಂಜಿನ್ ಗೋಚರಿಸಿತಂತೆ. 998 ಸಿಸಿಯ ಆ ಎಂಜಿನ್ 1936ರಲ್ಲಿ ‘ರ‍್ಯಾಪಿಡ್’ ಎಂಬ ಹೆಸರಿನಲ್ಲಿ ರಸ್ತೆಗೆ ಬಂತು. ಅದೇ ಇರ್ವಿಂಗ್ ಮುಂದೆ ಸ್ವದೇಶದಲ್ಲಿ ವಿನ್ಯಾಸಗೊಳಿಸಿದ ರೆಪ್ಕೊ ಎಂಜಿನಿನ ಬಲದಿಂದ ಜ್ಯಾಕ್ ಬ್ರಾಬಂ 1966ರ ಫಾರ್ಮುಲಾ ಒನ್ ವಿಶ್ವಚಾಂಪಿಯನ್ ಆದ.

ಯುದ್ಧಾನಂತರ, 1948ರಲ್ಲಿ ಬಂದ ‘ಬ್ಲ್ಯಾಕ್ ಶ್ಯಾಡೊ’ ಗಂಟೆಗೆ 125 ಮೈಲಿ ಮುಟ್ಟುತ್ತಿತ್ತು. ಎಂಜಿನಿಗೂ ಕಪ್ಪು ಎನಾಮೆಲ್, ಹ್ಯಾಂಡಲ್ ಮೇಲೆ ಊಟದ ತಟ್ಟೆಯ ಗತ್ತಿನ ಐದಂಗುಲದ ವೇಗಮಾಪಕ. ಅದೇ ವರ್ಷದ ಸೆಪ್ಟೆಂಬರ್ 13ರಂದು ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ರಾಲಿ ಫ್ರೀ ಎಂಬ ಸವಾರ ವಿನ್ಸೆಂಟ್ ಏರಿದ. ಹಿಂದಿನ ಓಟದಲ್ಲಿ ಗಾಳಿಯ ರಭಸಕ್ಕೆ ಚರ್ಮದ ಉಡುಪು ಹರಿದಿತ್ತು. ಅದು ಗಾಳಿಯನ್ನು ತಡೆಯುತ್ತದೆಂದು ಕಿತ್ತೆಸೆದು, ಈಜುಚಡ್ಡಿ, ತಲೆಗೊಂದು ಸ್ನಾನದ ಟೋಪಿ, ಎರವಲು ಶೂ ಇಷ್ಟರಲ್ಲೇ ಬೈಕಿನ ಬೆನ್ನಿಗೆ ಹೊಟ್ಟೆಯೂರಿ, ಕಾಲುಗಳನ್ನು ಹಿಂದಕ್ಕೆ ಚಾಚಿ ಮಲಗಿ ಓಡಿಸಿದ. ದಾಖಲಾದ ವೇಗ ಗಂಟೆಗೆ 150.313 ಮೈಲಿ, ಅಂದರೆ ಸುಮಾರು 242 ಕಿಲೋಮೀಟರ್. ಕೆಳಗೆ ಬಿಳಿ ಉಪ್ಪು, ಮೇಲೆ ಬರಿಮೈಯ ಮನುಷ್ಯ: ಮೋಟಾರ್‌ಸೈಕಲ್ ಇತಿಹಾಸದಲ್ಲಿ ಆ ಛಾಯಾಚಿತ್ರಕ್ಕೆ ಸಮಾನವಾದದ್ದು ಇನ್ನೊಂದಿಲ್ಲ.

ಆ ಸಾಹಸದ ಬೆನ್ನಿಗೇ ರೂಪುಗೊಂಡ ರೇಸಿಂಗ್ ಮಾದರಿ ‘ಬ್ಲ್ಯಾಕ್ ಲೈಟ್ನಿಂಗ್’. ಕಾರ್ಖಾನೆ ನಿರ್ಮಿಸಿದ್ದು ಮೂವತ್ತರ ಆಸುಪಾಸು. ಅವುಗಳಲ್ಲಿ 1951ರ ಒಂದು ಆಸ್ಟ್ರೇಲಿಯಾಕ್ಕೆ ಹೋಗಿ, 1953ರಲ್ಲಿ ನ್ಯೂ ಸೌತ್ ವೇಲ್ಸ್‌ನ ಗನೆಡಾ ಬಳಿ ಜ್ಯಾಕ್ ಎರೆಟ್ ಎಂಬ ಸವಾರನ ಕೈಯಲ್ಲಿ ಗಂಟೆಗೆ 141.5 ಮೈಲಿ ವೇಗದ ಆಸ್ಟ್ರೇಲಿಯನ್ ದಾಖಲೆ ಬರೆಯಿತು. ಅದೇ ವಾಹನ 2018ರ ಜನವರಿಯಲ್ಲಿ ಲಾಸ್ ವೇಗಸ್‌ನ ಹರಾಜಿನಲ್ಲಿ 9,29,000 ಡಾಲರುಗಳಿಗೆ, ಆಗಿನ ಲೆಕ್ಕದಲ್ಲಿ ಸುಮಾರು ಆರು ಕೋಟಿ ರೂಪಾಯಿಗೆ ಮಾರಾಟವಾಗಿ ಜಗತ್ತಿನ ದಾಖಲೆಯಾಯಿತು. ಐದು ವರ್ಷಗಳ ತರುವಾಯ, 2023ರಲ್ಲಿ, 1908ರ ಹಾರ್ಲೆ ಡೇವಿಡ್‌ಸನ್ ‘ಸ್ಟ್ರ್ಯಾಪ್ ಟ್ಯಾಂಕ್’ 9,35,000 ಡಾಲರಿಗೆ ಅದನ್ನು ಮೀರಿತು. ಇಂಧನದ ಟ್ಯಾಂಕನ್ನು ಲೋಹದ ಪಟ್ಟಿಗಳಿಂದ ಬಿಗಿದು ನೇತುಹಾಕಿದ್ದರಿಂದ ಬಂದ ಹೆಸರು ಅದು. 2025ರಲ್ಲಿ ಅದೂ ಹಿಂದೆ ಬಿತ್ತು. ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಿ ತಯಾರಾದ 1915ರ ಹಳದಿ ಬಣ್ಣದ ‘ಸೈಕ್ಲೋನ್’ 13.2 ಲಕ್ಷ ಡಾಲರ್ ಮುಟ್ಟಿ, ಹತ್ತು ಲಕ್ಷದ ಗಡಿ ದಾಟಿತು. ನಮ್ಮ ಹಣದಲ್ಲಿ ಹನ್ನೊಂದು ಕೋಟಿಗೂ ಹೆಚ್ಚು.

ಸಂಖ್ಯೆಗಳು ಹೇಳುವ ಜಾತಕ

ಕೋಟಿಗಳ ಕಥೆ ಕೇಳಿ ಹರಾಜು ಎಂಬುದು ಕುಬೇರರ ಕ್ರೀಡೆ ಎಂದುಕೊಳ್ಳಬೇಕಿಲ್ಲ. ಸ್ಟಾಫರ್ಡ್‌ನಂಥ ಮಾರಾಟದಲ್ಲಿ ನೂರಾರು ಲಾಟ್‌ಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಮೇಷ್ಟ್ರು, ಮೆಕ್ಯಾನಿಕ್, ನಿವೃತ್ತ ಗುಮಾಸ್ತರ ಕೈಗೆಟಕುವಂಥವು. ಒಂದು ಪೆಟ್ಟಿಗೆ ಬಿಡಿಭಾಗಗಳೂ ಒಂದು ಲಾಟ್, ಹಳೆಯ ಕೈಪಿಡಿಗಳ ಕಟ್ಟೂ ಒಂದು ಲಾಟ್. ಕೆಲವು ವಾರ ಮುಂಚೆಯೇ ಕ್ಯಾಟಲಾಗ್ ಬರುತ್ತದೆ. ಪ್ರತಿ ವಾಹನದ ಛಾಯಾಚಿತ್ರ, ಫ್ರೇಮ್ ಸಂಖ್ಯೆ, ಎಂಜಿನ್ ಸಂಖ್ಯೆ, ವಂಶಚರಿತ್ರೆ, ಅಂದಾಜು ಬೆಲೆ ಅದರಲ್ಲಿ. ಹರಾಜಿಗೆ ಮುನ್ನ ವೀಕ್ಷಣೆಗೆಂದೇ ಮೀಸಲಾದ ಸಮಯವಿರುತ್ತದೆ. ಬಲ್ಲವನು ಹರಾಜಿನ ದಿನವನ್ನು ಬೇಕಾದರೆ ತಪ್ಪಿಸಿಕೊಂಡಾನು, ವೀಕ್ಷಣೆಯ ದಿನವನ್ನು ಬಿಡುವುದಿಲ್ಲ.

ಅವನ ಜೇಬಿನಲ್ಲಿ ಒಂದು ಟಾರ್ಚು, ಒಂದು ಪುಟ್ಟ ಕನ್ನಡಿ, ಒಂದು ಚಿಂದಿ ಬಟ್ಟೆ. ಹೊಳೆಯುವ ಟ್ಯಾಂಕನ್ನು ಅವನು ನೋಡುವುದು ಕಡೆಗೆ. ಮೊದಲು ಮಂಡಿಯೂರಿ ಎಂಜಿನಿನ ಸಂಖ್ಯೆ ಕೊರೆದ ಜಾಗವನ್ನು ಒರೆಸಿ ನೋಡುತ್ತಾನೆ. ಅಲ್ಲಿನ ಲೋಹ ಸುತ್ತಲಿನದಕ್ಕಿಂತ ನುಣುಪಾಗಿದೆಯೇ? ಅಂದರೆ ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಹೊಡೆದಿರಬಹುದು. ಅಂಕಿಗಳ ಆಕಾರ ಆ ಕಾರ್ಖಾನೆಯ ಅಚ್ಚಿನದೇ? ಸಾಲು ನೇರವಾಗಿದೆಯೇ? ವಿನ್ಸೆಂಟ್ ವಿಷಯದಲ್ಲಂತೂ ಈ ಪರೀಕ್ಷೆ ಒಂದು ಶಾಸ್ತ್ರವೇ ಆಗಿದೆ. ಯುದ್ಧಾನಂತರದ ಅವಳಿ ಸಿಲಿಂಡರಿನ ವಿನ್ಸೆಂಟ್‌ಗಳಲ್ಲಿ ಎಂಜಿನ್ ಸಂಖ್ಯೆಗೆ 1900 ಕೂಡಿಸಿದರೆ ಫ್ರೇಮ್ ಸಂಖ್ಯೆ ಬರಬೇಕು. ಎಂಜಿನ್ ಸಂಖ್ಯೆಯ ಹಿಂದೆ ಎಫ್10ಎಬಿ/1 ಎಂದಿದ್ದರೆ ಅದು ರ‍್ಯಾಪಿಡ್. ಕೊನೆಯಲ್ಲಿ ‘ಬಿ’ ಇದ್ದರೆ ಬ್ಲ್ಯಾಕ್ ಶ್ಯಾಡೊ. ‘ಸಿ’ ಇದ್ದರೆ ಲೈಟ್ನಿಂಗ್. ಎಂಜಿನಿನ ಎಡಬಲದ ಹೋಳುಗಳ ಮೇಲೂ ಜೋಡಿ ಸಂಖ್ಯೆ ಉಂಟು. ಅವು ಹುಟ್ಟಿನಿಂದ ದಂಪತಿಗಳೋ, ಎರಡನೆಯ ಸಂಬಂಧವೋ ಎಂದು ಅದು ತಿಳಿಸುತ್ತದೆ. ರ‍್ಯಾಪಿಡ್‌ಗೆ ಕಪ್ಪು ಬಳಿದು ಶ್ಯಾಡೊ ಎಂದು ಮಾರಹೊರಟವನ ಕಪಟ ಬಯಲಾಗುವುದು ಇಲ್ಲಿಯೇ. ನಾಲ್ಕಾರು ಗಾಡಿಗಳ ಭಾಗ ಕೂಡಿಸಿ ಕಟ್ಟಿದ ಕದಂಬ ವಾಹನಕ್ಕೆ ಅಲ್ಲಿನವರು ಇಟ್ಟ ಅಡ್ಡಹೆಸರು ‘ಬಿಟ್ಸಾ’.

ಲೋಹ ಹೇಳಿದ್ದನ್ನು ಕಾಗದ ಸಮರ್ಥಿಸಬೇಕು. ಕಾರ್ಖಾನೆಯ ರವಾನೆ ಪುಸ್ತಕದಲ್ಲಿ ಈ ಸಂಖ್ಯೆಯ ಗಾಡಿ ಯಾವ ದಿನ, ಯಾವ ವ್ಯಾಪಾರಿಗೆ ಹೋಯಿತು? ಹಳೆಯ ನೋಂದಣಿ ಪುಸ್ತಕದಲ್ಲಿ ಎಷ್ಟು ಯಜಮಾನರ ಹೆಸರಿದೆ? ಇಂಗ್ಲೆಂಡಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ 1946ರಲ್ಲಿ ಬೆರಳೆಣಿಕೆಯ ಉತ್ಸಾಹಿಗಳಿಂದ ಆರಂಭವಾಗಿ, ಮುಚ್ಚಿಹೋದ ಎಷ್ಟೋ ಕಾರ್ಖಾನೆಗಳ ಇಂಥ ದಾಖಲೆ ಪುಸ್ತಕಗಳನ್ನು ತನ್ನ ಗ್ರಂಥಾಲಯದಲ್ಲಿ ಕಾಪಿಟ್ಟಿದೆ. ಕಂಪನಿ ಸತ್ತರೂ ಅದರ ಶ್ಯಾನುಭೋಗಿಕೆ ಸತ್ತಿಲ್ಲ. 1915ಕ್ಕಿಂತ ಹಳೆಯ ವಾಹನಗಳಿಗೆಂದೇ 1930ರಿಂದ ನಡೆದುಬಂದಿರುವ ಬ್ರೈಟನ್ ನಗರದವರೆಗಿನ ‘ಪಯೊನಿಯರ್ ರನ್’ ಯಾತ್ರೆಯಲ್ಲಿ ಭಾಗವಹಿಸಲು ಅರ್ಹವೆಂಬ ಪ್ರಮಾಣಪತ್ರವಿದ್ದರೆ ಅದೂ ಬೆಲೆಗೆ ಒಂದು ಗರಿ.

ಬಾಡ್ಮಿನ್‌ನ ತುಕ್ಕಿಗೆ ಕೋಟಿ ಬಂದ ಗುಟ್ಟು ಇಲ್ಲಿದೆ. ಮೂವತ್ತು ವರ್ಷಗಳ ಹಿಂದೆ ಇಂಥ ಗಾಡಿ ಸಿಕ್ಕರೆ ಮೊದಲು ಮಾಡುತ್ತಿದ್ದ ಕೆಲಸ ಮರಳು ಊದಿ ತುಕ್ಕು ತೆಗೆದು, ಹೊಸ ಬಣ್ಣ ಹೊಡೆದು, ಕ್ರೋಮಿಯಂ ಮಿಂಚಿಸುವುದು. ಹೊಳಪು ಹೆಚ್ಚಿದಷ್ಟೂ ಪುರಾವೆ ಅಳಿಯುತ್ತದೆ ಎಂಬ ಅರಿವು ನಿಧಾನಕ್ಕೆ ಬಂತು. ಯಾರೂ ಕೈಯಾಡಿಸದ ಗಾಡಿ ಎಂದರೆ ಯಾರೂ ತಿದ್ದದ ತಾಳೆಗರಿ. ಆ ಎಂಟು ವಾಹನಗಳ ಮೇಲಿನ ಧೂಳು ಅವುಗಳ ಪರವಾಗಿ ಸಾಕ್ಷಿ ನುಡಿಯಿತು.

ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ರಥೋತ್ಸವವನ್ನು ಕಂಡವರಿಗೆ ಇನ್ನೊಂದು ಹರಾಜು ನೆನಪಾಗಬಹುದು. ತೇರು ಎಳೆಯುವ ಮುನ್ನ ‘ಮುಕ್ತಿ ಬಾವುಟ’ ಹರಾಜಾಗುತ್ತದೆ. ಬಟ್ಟೆಯ ಒಂದು ಧ್ವಜಕ್ಕೆ ಕೂಗು ಹತ್ತಾರು ಲಕ್ಷಕ್ಕೆ ಏರುತ್ತದೆ. ಅಲ್ಲಿ ಬಟ್ಟೆಯ ಬೆಲೆ ಎಷ್ಟು ಎಂದು ಯಾರೂ ಕೇಳುವುದಿಲ್ಲ, ಭಕ್ತಿಗೆ ಪುರಾವೆ ಬೇಕಿಲ್ಲ. ಸ್ಟಾಫರ್ಡ್‌ನಲ್ಲಿಯೂ ಕಬ್ಬಿಣದ ಬೆಲೆಯನ್ನು ಯಾರೂ ಕೇಳುವುದಿಲ್ಲ. ಪುರಾವೆಯನ್ನು ಮಾತ್ರ ಪ್ರತಿಯೊಬ್ಬನೂ ಕೇಳುತ್ತಾನೆ.

ಸುತ್ತಿಗೆ ಬೀಳುವ ಕ್ಷಣ

ಹರಾಜು ಸಭಾಂಗಣದಲ್ಲಿ ಕೂಗುವವನು ಒಬ್ಬನೇ, ಹರಾಜುಗಾರ. ಉಳಿದವರು ನಂಬರಿನ ಫಲಕ ಎತ್ತುತ್ತಾರೆ, ಹಳಬರಾದರೆ ಹುಬ್ಬು ಹಾರಿಸುತ್ತಾರೆ. ಪಕ್ಕದ ಮೇಜುಗಳಲ್ಲಿ ದೂರವಾಣಿ ಹಿಡಿದ ಸಿಬ್ಬಂದಿ ಜರ್ಮನಿಯಲ್ಲೋ ಜಪಾನಿನಲ್ಲೋ ಕುಳಿತ ಗ್ರಾಹಕನ ಪರವಾಗಿ ಕೈ ಎತ್ತುತ್ತಾರೆ. ಅಂತರ್ಜಾಲದ ಕೂಗು ಪರದೆಯ ಮೇಲೆ ಮೂಡುತ್ತದೆ. ಒಂದೊಂದು ಲಾಟ್‌ಗೆ ಒಂದೆರಡು ನಿಮಿಷ ಸಿಕ್ಕರೆ ಹೆಚ್ಚು.

ಹೊಸಬರು ಎಡವುವ ಎರಡು ಸ್ಥಳಗಳಿವೆ. ಮೊದಲನೆಯದು ‘ರಿಸರ್ವ್’. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವನು ಗುಟ್ಟಾಗಿ ನಿಗದಿ ಮಾಡಿದ ಬೆಲೆ ಅದು. ಆ ಮಟ್ಟ ಮುಟ್ಟುವವರೆಗೆ ಮಾರುವವನ ಪರವಾಗಿ ಹರಾಜುಗಾರನೇ ಬೆಲೆ ಏರಿಸಲು ನಿಯಮದಲ್ಲಿ ಅವಕಾಶವಿದೆ. ಹಿಂದಿನ ಸಾಲಿನಲ್ಲಿ ಪ್ರತಿಸ್ಪರ್ಧಿಯೊಬ್ಬ ಕುಳಿತಿದ್ದಾನೆಂದು ಭ್ರಮಿಸಿ ಗೋಡೆಯೊಂದಿಗೆ ಸೆಣಸಿದವರು ಉಂಟು. ಎರಡನೆಯದು, ಸುತ್ತಿಗೆ ಬಿದ್ದ ಬೆಲೆಯೇ ಕೊಡಬೇಕಾದ ಬೆಲೆ ಎಂಬ ನಂಬಿಕೆ. 10,000 ಪೌಂಡಿಗೆ ಸುತ್ತಿಗೆ ಬಿತ್ತೆನ್ನೋಣ. ಹರಾಜು ಸಂಸ್ಥೆಯ ಕಮಿಷನ್ ಶೇಕಡಾ 15 ಎಂದಿದ್ದರೆ 1,500. ಆ ಕಮಿಷನ್ ಮೇಲೆ ಬ್ರಿಟನ್ನಿನ ಶೇಕಡಾ 20ರ ತೆರಿಗೆ 300. ಒಟ್ಟು 11,800. ಅದರ ಮೇಲೆ ಸಾಗಣೆ. ದೇಶ ದಾಟಿಸುವುದಾದರೆ ಸುಂಕ. ಕೊಡುವ ವಸ್ತುವಾದರೂ ‘ಇದ್ದ ಸ್ಥಿತಿಯಲ್ಲಿ’. ಎಂಜಿನ್ ಚಾಲೂ ಮಾಡಿ ತೋರಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ, ಒಂದು ಸುತ್ತು ಓಡಿಸಿ ನೋಡುವ ಮಾತಂತೂ ಇಲ್ಲವೇ ಇಲ್ಲ. ದಶಕಗಳ ಕಾಲ ನಿಂತ ಗಾಡಿಯಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರಬಹುದು, ಟ್ಯಾಂಕಿನ ಒಳಮೈ ತುಕ್ಕಿನ ಗಣಿಯಾಗಿರಬಹುದು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಸುರುಳಿಯ ಅರಗು ಕರಗಿ ಅಂಟಿರಬಹುದು. ಅನುಭವಿ ಗ್ರಾಹಕ ಈ ಎಲ್ಲ ದುರಸ್ತಿಯ ಖರ್ಚನ್ನು ಕಳೆದು, ತನ್ನ ಮಿತಿಯನ್ನು ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡೇ ಒಳಗೆ ಕಾಲಿಡುತ್ತಾನೆ. ಆ ಚೀಟಿಗೆ ನಿಷ್ಠನಾಗಿ ಉಳಿಯುತ್ತಾನೆಯೇ ಎಂಬುದು ಬೇರೆ ವಿಚಾರ.

ರುಚಿಯೂ ಈಗ ಬದಲಾಗುತ್ತಿದೆ. ಹದಿಹರೆಯದಲ್ಲಿ ಅಂಗಡಿಯ ಗಾಜಿಗೆ ಮೂಗು ಒತ್ತಿ ನೋಡಿದ್ದ ಬೈಕನ್ನು ಮನುಷ್ಯ ಐವತ್ತು ದಾಟಿದ ಮೇಲೆ ಕೊಳ್ಳುತ್ತಾನೆ. ಹರಾಜು ಮಾರುಕಟ್ಟೆಯ ಅರ್ಥಶಾಸ್ತ್ರದಲ್ಲಿ ಇದಕ್ಕಿಂತ ನಂಬಬಹುದಾದ ಸೂತ್ರ ನನಗೆ ಕಂಡಿಲ್ಲ. 1950ರ ದಶಕದ ಸಾಧಾರಣ ಬ್ರಿಟಿಷ್ ಬೈಕುಗಳ ಅಭಿಮಾನಿಗಳು ಒಬ್ಬೊಬ್ಬರಾಗಿ ತೆರೆಮರೆಗೆ ಸರಿಯುತ್ತಿದ್ದಂತೆ, 1970ರ ದಶಕದ ಜಪಾನೀ ವಾಹನಗಳು ಆ ಸ್ಥಾನಕ್ಕೆ ಬರುತ್ತಿವೆ. 1969ರ ಹೊಂಡಾ ಸಿಬಿ750ಯ ಮೊದಲ 7,414 ವಾಹನಗಳ ಎಂಜಿನ್ ಕವಚ ಮರಳಿನ ಅಚ್ಚಿನದೆಂದೇ ಹೆಸರಾದದ್ದು, ನಿಜಕ್ಕೂ ಎರಕಗೊಂಡದ್ದು ಲೋಹದ ಕಾಯಂ ಅಚ್ಚಿನಲ್ಲಿ. ಬೆರಳಿಗೆ ತುಸು ಒರಟಾಗಿ ತಾಕುವ ಆ ಮೇಲ್ಮೈಗಾಗಿ ಸಂಗ್ರಾಹಕರು ಇಂದು ಹಲವು ಪಟ್ಟು ಹೆಚ್ಚು ತೆರುತ್ತಾರೆ.

ಯಾದವಗಿರಿಯ ವಾರಸುದಾರರು

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ಉಳಿಸಿಹೋದ ಬಿಎಸ್‌ಎ, ನಾರ್ಟನ್, ಮ್ಯಾಚ್‌ಲೆಸ್‌ಗಳು ‘ಡಿಸ್ಪೋಸಲ್’ ಹರಾಜಿನ ಮೂಲಕ ಭಾರತದ ನಾಗರಿಕರ ಕೈಸೇರಿದವು. ಕನ್ನಡನಾಡಿಗೆ ತನ್ನದೇ ಆದ ಮೋಟಾರ್‌ಸೈಕಲ್ ದೊರೆತದ್ದು 1961ರಲ್ಲಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನದೊಂದಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ಆರಂಭಿಸಿತು; ಉದ್ಘಾಟಿಸಿದವರು ಅಂದಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ‘ಜಾವಾ’ ಎಂಬ ಹೆಸರಿಗೆ ದ್ವೀಪದ ನಂಟಿಲ್ಲ. ಸ್ಥಾಪಕ ಯಾನೆಚೆಕ್ ಮತ್ತು ಆತ ಹಕ್ಕು ಕೊಂಡ ಜರ್ಮನಿಯ ವಾಂಡರರ್ ಕಂಪನಿ, ಈ ಎರಡು ಹೆಸರುಗಳ ಮೊದಲಕ್ಷರಗಳ ಸಂಧಿ ಅದು. ಮುಂದೆ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡು, 1978ರ ಹೊತ್ತಿಗೆ ರೋಡ್‌ಕಿಂಗ್ ಆಗಿ ಮೆರೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅದರ ಜೋಡಿ ಸೈಲೆನ್ಸರಿನ ಸದ್ದು ಈ ನಾಡಿನ ರಸ್ತೆಗಳ ಶ್ರುತಿಯಾಗಿತ್ತು.

2018ರಲ್ಲಿ ಜಾವಾ ಹೆಸರು ಹೊಸ ಒಡೆತನದಲ್ಲಿ ಮರುಹುಟ್ಟು ಪಡೆಯಿತು. ಒಂದೂವರೆ ಲಕ್ಷದ ಮೇಲಷ್ಟೇ ಬೆಲೆಯ ಆ ಹೊಸ ಬೈಕುಗಳಲ್ಲಿ 001 ಎಂಬ ಚಾಸಿ ಸಂಖ್ಯೆಯದನ್ನು ಸತ್ಕಾರ್ಯಕ್ಕೆಂದು ಹರಾಜು ಮಾಡಿದಾಗ ಬಂದದ್ದು 45 ಲಕ್ಷ ರೂಪಾಯಿ. ಲೋಹದ ಮೇಲೆ ಕೊರೆದ ಮೂರು ಅಂಕಿಗಳ ಮಹಿಮೆ ಇಲ್ಲಿಯೂ ಅದೇ. ಹಳೆಯ ವಾಹನಗಳಿಗೆ ಕಾನೂನಿನ ಮನ್ನಣೆಯೂ ದೊರೆತಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲಸ್ವರೂಪದಲ್ಲಿ ಗಣನೀಯ ಮಾರ್ಪಾಡಾಗದ ದ್ವಿಚಕ್ರ ಮತ್ತು ಕಾರುಗಳು ವಿಂಟೇಜ್ ಎಂದು ನೋಂದಣಿ ಪಡೆಯಬಹುದು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’. ನಿತ್ಯದ ಓಡಾಟಕ್ಕೆ ಮಾತ್ರ ಅನುಮತಿಯಿಲ್ಲ. ಯಾದವಗಿರಿಯ ಮೊದಲ ದಶಕದ ಜಾವಾಗಳೆಲ್ಲ ಈಗ ಆ ವಯೋಮಿತಿ ದಾಟಿವೆ. ಕೆಎ ಎಂಬ ಅಕ್ಷರಗಳು ಬರುವ ಮುಂಚಿನ, ‘ಎಂವೈ’ ಎಂದು ಆರಂಭವಾಗುವ ನಂಬರು ಹೊತ್ತ ಜಾವಾ, ಅದರ ಮಾಸಿದ ಆರ್‌ಸಿ ಪುಸ್ತಕದ ಸಮೇತ ಸಿಕ್ಕರೆ ಅದನ್ನು ಬಲ್ಲವರು ಬಿಡುವುದಿಲ್ಲ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಜುಲೈ ತಿಂಗಳ ಎರಡನೆಯ ಭಾನುವಾರದ ಜಾವಾ ಯೆಜ್ಡಿ ದಿನಾಚರಣೆಗೆ ಸಾಲುಗಟ್ಟಿ ಬರುವ ವಾಹನಗಳ ನಡುವೆ ಇಂಥ ವ್ಯವಹಾರಗಳು ಸುತ್ತಿಗೆಯ ಸದ್ದಿಲ್ಲದೆ, ಒಂದು ಕಾಫಿಯ ಅವಧಿಯಲ್ಲಿ ಕುದುರುತ್ತವೆ.

ಅಲ್ಲಿ ಮಾರುವವನೂ ಕೊಳ್ಳುವವನನ್ನು ಒರೆಗೆ ಹಚ್ಚುತ್ತಾನೆ. ಜಾವಾದ ಕಿಕ್ಕರ್ ಇರುವುದು ಎಡಗಡೆ. ಎಂಜಿನ್ ಶುರುವಾದ ಮೇಲೆ ಅದೇ ದಂಡವನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್. ಕಿಕ್ ಹೊಡೆದು, ಗಾಡಿ ಏರಿ, ಗೇರಿನ ಲಿವರ್ ಎಲ್ಲಿ ಎಂದು ಬಲಗಾಲ ಬಳಿಯೂ ಎಡಗಾಲ ಬಳಿಯೂ ಬಗ್ಗಿ ಹುಡುಕುವವನನ್ನು ಕಂಡರೆ ಮೈಸೂರಿನ ಹಳೆಯ ಮೇಸ್ತ್ರಿಗಳು ಮಾತಾಡದೆ ಬೆಲೆಯನ್ನು ಇನ್ನೊಂದು ಹತ್ತು ಸಾವಿರ ಏರಿಸುತ್ತಾರೆ.